ತೀರ್ಪಿನ ಒಳಗೆ ಶಾಸಕರನ್ನು ಹುಡುಕಿದ್ದು: ನನ್ನ ಅನುಭವ

"ಎಂತ ಮಾರಾಯ, ತೀರ್ಪು ಓದಿ ಒಬ್ಬರ ಜೀವನ ಬರೆಯೋದುಂಟಾ?" ನಮ್ಮ ವಕೀಲರ ಸಂಘದ ಹಿರಿಯರೊಬ್ಬರು ಹೀಗೆ ಕೇಳಿ ಆರು ವರ್ಷ ಆಯಿತು. ಹೋದ ಡಿಸೆಂಬರಿನಲ್ಲಿ ಅವರೇ ನನ್ನ ಪುಸ್ತಿಕೆಯ ಹತ್ತು ಪ್ರತಿ ಕೊಂಡುಹೋದರು. ದುಡ್ಡು ಕೊಟ್ಟೇ ಕೊಂಡರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಪುತ್ತೂರಿನಲ್ಲಿ ವಕೀಲಿ ಮಾಡುವವನು. ಹಳೆಯ ದಾಖಲೆ ಹಿಡಿದು ಜನರ ಬದುಕು ಬರೆಯೋದು ಬಿಡುವಿನ ಕೆಲಸ. ಈ ಸಲ ಹಿಡಿದದ್ದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರನ್ನು. ಹೆಸರು ಎಲ್ಲರಿಗೂ ಗೊತ್ತು. ಆದರೆ ಜನ ನೆನಪಿಟ್ಟುಕೊಂಡಿರೋದು ಸುಪ್ರೀಂ ಕೋರ್ಟಿನ ಏಳು ವರ್ಷವನ್ನು, 1973ರ ಜುಲೈಯಿಂದ 1980ರ ನವೆಂಬರ್‌ವರೆಗಿನದನ್ನು ಮಾತ್ರ. ಅದಕ್ಕೂ ಮುಂಚೆ ಅವರು 1952ರಲ್ಲಿ ಈಗಿನ ಕೇರಳದ ಕೂತುಪರಂಬದಿಂದ ಪಕ್ಷೇತರರಾಗಿ ಗೆದ್ದು ಮದ್ರಾಸ್ ವಿಧಾನಸಭೆಗೆ ಹೋಗಿದ್ದರು. 1957ರಲ್ಲಿ ತಲಶ್ಶೇರಿಯಿಂದ ಕೇರಳ ವಿಧಾನಸಭೆಗೆ ಬಂದರು. ಅದೇ ಏಪ್ರಿಲ್ 5ಕ್ಕೆ ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಂಪುಟದಲ್ಲಿ ಮಂತ್ರಿಯಾದರು. ಕಾನೂನು, ಜೈಲು, ನೀರಾವರಿ, ವಿದ್ಯುತ್ ಎಲ್ಲ ಅವರ ಕೈಯಲ್ಲೇ ಇತ್ತು. 1959ರ ಜುಲೈ 31ಕ್ಕೆ ಕೇಂದ್ರ ಆ ಸರ್ಕಾರವನ್ನೇ ವಜಾ ಮಾಡಿತು. ಆಗಲೇ ಮತ್ತೆ ಕರಿ ಕೋಟು ಹಾಕಿದರು, 1965ರಲ್ಲಿ ಚುನಾವಣೆ ಸೋತರು. 1968ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಾಧೀಶರಾದರು.

ಶಾಸಕರ ಬದುಕು ಒಂದು ಕಪಾಟಿನಲ್ಲಿ, ನ್ಯಾಯಾಧೀಶರ ಬದುಕು ಇನ್ನೊಂದು ಕಪಾಟಿನಲ್ಲಿ ಇರುತ್ತದೆ. ಎರಡರ ಮಧ್ಯದ ಬಾಗಿಲು ತೆಗೆಯಬೇಕು ಅನ್ನೋದಷ್ಟೇ ನನ್ನ ಹಟ.

ಇದೆಲ್ಲ ಶುರುವಾದದ್ದು ಒಂದು ಜಾಮೀನು ಅರ್ಜಿಯಿಂದ. ನನ್ನ ಕಕ್ಷಿದಾರ ಬಾಗಲಕೋಟೆ ಕಡೆಯ ಗಾರೆ ಕೆಲಸದವನು. ಜಾಮೀನು ಸಿಕ್ಕಿತು, ಶ್ಯೂರಿಟಿ, ಅಂದರೆ ಆಸ್ತಿ ತೋರಿಸಿ ಅವನಿಗೆ ಹೊಣೆ ನಿಲ್ಲುವವರು, ಸಿಗಲಿಲ್ಲ. ಅವನ ಅಣ್ಣ ಪಹಣಿ ಹಿಡಿದುಕೊಂಡು ರಾತ್ರಿಯಿಡೀ ಬಸ್ಸಿನಲ್ಲಿ ಬಂದ. ಹಾಳೆ ಬೆವರಿಗೆ ಒದ್ದೆಯಾಗಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ಬೇರೆ ಜಿಲ್ಲೆಯ ಜಮೀನು, ಸ್ಥಳೀಯ ಶ್ಯೂರಿಟಿಯೇ ಬೇಕು ಅಂದರು. ಅಣ್ಣ ಆ ಕವರನ್ನು ಮತ್ತೆ ಮಡಚಿ ಅಂಗಿಯೊಳಗೆ ಇಟ್ಟುಕೊಂಡದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆ ರಾತ್ರಿ ಮೋತಿ ರಾಮ್ ತೀರ್ಪು ತೆಗೆದೆ. ಎಐಆರ್ (ಆಲ್ ಇಂಡಿಯಾ ರಿಪೋರ್ಟರ್ ಅನ್ನೋ ತೀರ್ಪುಗಳ ಸಂಪುಟ) 1978, ಸುಪ್ರೀಂ ಕೋರ್ಟ್, ಪುಟ 1594. ಎಷ್ಟೋ ಸಲ ಉಲ್ಲೇಖಿಸಿದ್ದೇನೆ. ಪೂರ್ತಿ ಓದಿದ್ದು ಅವತ್ತೇ ಮೊದಲು. ಮಧ್ಯಪ್ರದೇಶದ ಮೋತಿ ರಾಮ್ ಕೂಡ ಗಾರೆಯವನೇ. 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಅವನ ಅಣ್ಣನೋ ತಮ್ಮನೋ ಶ್ಯೂರಿಟಿ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯದು ಅಂತ ಅಲ್ಲೂ ಬೇಡ ಅಂದಿದ್ದರು. ಕೃಷ್ಣ ಅಯ್ಯರ್ ಅವನದೇ 1,000 ರೂಪಾಯಿ ಮುಚ್ಚಳಿಕೆಯ ಮೇಲೆ ಬಿಡಿ ಅಂದರು. ಆ ತೀರ್ಪಿನಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಬಸ್ತರಿನಲ್ಲೋ ಪೋರ್ಟ್‌ಬ್ಲೇರಿನಲ್ಲೋ ಪಹಲ್ಗಾಮಿನಲ್ಲೋ ಚಾಂದನಿ ಚೌಕದಲ್ಲೋ ಪೊಲೀಸರು ಹಿಡಿದರೆ ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ ಏನು ಮಾಡಬೇಕು? ಅವನಿಗೆ ಅಲ್ಲಿ ಯಾರ ಪರಿಚಯವೂ ಇರಲಿಕ್ಕಿಲ್ಲ. ಕೆಲಸ ಹುಡುಕಿಕೊಂಡು ಬಂದಿರಬಹುದು, ಇಲ್ಲಾ ಮೋರ್ಚಾದಲ್ಲಿ, ಅಂದರೆ ಪ್ರತಿಭಟನೆಯ ಮೆರವಣಿಗೆಯಲ್ಲಿ, ಬಂದಿರಬಹುದು.

ಮೋರ್ಚಾ! ಆ ಪದಕ್ಕೆ ನಾನು ನಿಂತುಬಿಟ್ಟೆ. ದೂರದೂರಿಗೆ ಲಾರಿಯಲ್ಲಿ ಜನ ಕರೆದುಕೊಂಡು ಹೋದವರಿಗೆ, ಅವರು ಲಾಕಪ್ಪಿಗೆ ಬಿದ್ದಾಗ ಓಡಾಡಿದವರಿಗೆ ತಾನಾಗಿ ನೆನಪಾಗೋ ಪದ ಅದು. ಜಾಮೀನಿನ ತೀರ್ಪಿನಲ್ಲಿ ಮೋರ್ಚಾಕ್ಕೆ ಬಂದವನನ್ನು ಯಾರು ನೆನಪಿಸಿಕೊಳ್ಳುತ್ತಾರೆ ಹೇಳಿ? ಅಲ್ಲಿಂದ ನನಗೆ ದಾರಿ ಸಿಕ್ಕಿತು. ತೀರ್ಪಿನಲ್ಲಿ ಕಾನೂನು ಪುಸ್ತಕದಿಂದ ಬಾರದ ಪದ, ಬಾರದ ಉದಾಹರಣೆ ಎಲ್ಲಿದೆಯೋ ಅಲ್ಲಿ ಗುರುತು ಹಾಕೋದು. ಆಮೇಲೆ ಆ ಅನುಭವ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ಹುಡುಕೋದು. ಎಲ್ಲರೂ ಹುಟ್ಟಿದ ದಿನದಿಂದ ಶುರು ಮಾಡಿ ಮುಂದಕ್ಕೆ ಬರೆಯುತ್ತಾರೆ, ನಾನು 1980ರಿಂದ ಹಿಂದಕ್ಕೆ ಬಂದೆ.

ಹೇಳೋಕೆ ಸುಲಭ. ಈ ದಾರಿಗೆ ಬರೋಕೆ ಮುಂಚೆ, ಬಂದ ಮೇಲೂ, ಕೆಟ್ಟದ್ದು ಜಾಸ್ತಿ.

ಮೊದಲನೇ ಸಲ ಬರೆದದ್ದು ಮಾಮೂಲಿ ಜೀವನಚರಿತ್ರೆ. ಪಾಲಕ್ಕಾಡಿನ ಹತ್ತಿರ 1915ರ ನವೆಂಬರ್ 15ಕ್ಕೆ ಹುಟ್ಟಿದ್ದು, ತಂದೆ ವಕೀಲರು, ತಲಶ್ಶೇರಿಯ ಬಾಸೆಲ್ ಮಿಷನ್ ಶಾಲೆ, ಅಣ್ಣಾಮಲೈ ವಿಶ್ವವಿದ್ಯಾಲಯ, ಮದ್ರಾಸ್ ಲಾ ಕಾಲೇಜು, ಹೀಗೆ. ಸುಮಾರು 140 ಪುಟ ಆಯಿತು. ನಾಲ್ಕು ಜನರಿಗೆ ಓದೋಕೆ ಕೊಟ್ಟೆ. ಮೂವರು 30 ಪುಟ ದಾಟಲಿಲ್ಲ. ಮಂತ್ರಿಗಿರಿ ಮುಗಿದ ಮೇಲೆ ಬೇರೆ ಯಾರದೋ ಕಥೆ ಶುರುವಾದ ಹಾಗಿದೆ ಅಂದರು. ಅದು ನಿಜವೇ. ಅದನ್ನು ಕಟ್ಟಿ ಅಟ್ಟದ ಮೇಲೆ ಹಾಕಿದೆ.

ಎರಡನೇ ಸಲ ಹಳೆಯ ವಕೀಲರ ನೆನಪು ಕೇಳಿಕೊಂಡು ಹೋದೆ. ತಲಶ್ಶೇರಿ, ಕಣ್ಣೂರು, ಎರ್ನಾಕುಲಂ. ಎಲ್ಲರೂ ಪ್ರೀತಿಯಿಂದ ಮಾತಾಡಿದರು, ಊಟ ಹಾಕಿದರು. ಆದರೆ ಒಂದೇ ಘಟನೆಯನ್ನು ಮೂವರು ಮೂರು ಇಸವಿಗೆ ಇಟ್ಟರು. ರೆಕಾರ್ಡ್ ಮಾಡಿಕೊಂಡದ್ದು ಸುಮಾರು 11 ಗಂಟೆ. ಅದರಲ್ಲಿ ಪುಸ್ತಿಕೆಗೆ ಬಂದದ್ದು ಎರಡು ಸಾಲು.

ಮೂರನೇ ಸಲ ವಿಧಾನಸಭೆಯ ನಡಾವಳಿ ಹಿಡಿದೆ. ಇದೇ ಸರಿಯಾದ ಗಣಿ ಅಂದುಕೊಂಡಿದ್ದೆ. ಮಂಗಳೂರಿನಿಂದ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಮೂರು ಸಲ ತಿರುವನಂತಪುರಕ್ಕೆ ಹೋಗಿಬಂದೆ. ನನಗೆ ಬೇಕಾದ ಭಾಗ ಜಾಸ್ತಿ ಮಲಯಾಳದಲ್ಲೇ ಇತ್ತು. ನನಗೆ ಆ ಅಕ್ಷರ ತಡವರಿಸಿ ಓದೋಕೆ ಬರುತ್ತೆ, ಅರ್ಥ ಅರ್ಧ. ಕಾಸರಗೋಡಿನ ಒಬ್ಬ ಜೂನಿಯರ್ ವಕೀಲರಿಗೆ ಪುಟಕ್ಕೆ 40 ರೂಪಾಯಿಯಂತೆ ಕೊಟ್ಟು ಓದಿಸಿದೆ. "ಸರ್, ಇದು ಬರೀ ಕಾಲುವೆ, ಡೈನಮೋ ಲೆಕ್ಕ. ಇದನ್ನೂ ಓದಬೇಕಾ?" ಅಂತ ಅವರು ಕೇಳುತ್ತಿದ್ದರು. ಓದಿ ಅಂದೆ. ಮುಂದಿನಿಂದ ಓದಿದ್ದೇ ತಪ್ಪಾಯಿತು. ಏನು ಹುಡುಕಬೇಕು ಅಂತ ಗೊತ್ತಿಲ್ಲದೆ ನಡಾವಳಿ ಓದಿದರೆ ಸಮುದ್ರಕ್ಕೆ ಬಲೆ ಬೀಸಿದ ಹಾಗೆ. ತೀರ್ಪಿನಿಂದ ಪದ ಎತ್ತಿಕೊಂಡು ಹೋದ ಮೇಲೆ ಅದೇ ಕಟ್ಟುಗಳಲ್ಲಿ ಎರಡು ದಿನದಲ್ಲಿ ಬೇಕಾದ್ದು ಸಿಕ್ಕಿತು. ಹುಡುಕೋಕೆ ನಾನು ಮಾಡಿಕೊಂಡ ಸೂಚಿ ಹೇಗಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಇನ್ನೂ ಎರಡು ಪುಸ್ತಿಕೆ ಅದರಿಂದಲೇ ಆಗಬೇಕು.

ಈಗ ಕೈಗೆ ಬಂದದ್ದನ್ನು ಹೇಳುತ್ತೇನೆ. ಉದ್ದದ ಲೆಕ್ಕದ ಪುಸ್ತಕ ತಗೊಂಡೆ. ಎಡ ಪುಟ ಶಾಸಕರದು, ಬಲ ಪುಟ ನ್ಯಾಯಾಧೀಶರದು. ಮೊದಲು ಬಲ ಪುಟ ತುಂಬೋದು. ಎಡ ಪುಟ ಖಾಲಿ ಉಳಿದರೆ ಖಾಲಿಯೇ ಇರಲಿ.

ಎಲ್ಲಕ್ಕಿಂತ ಗಟ್ಟಿ ಜೋಡಿ ಸಿಕ್ಕಿದ್ದು ಜೈಲಿನದು. ಬಲ ಪುಟದಲ್ಲಿ ಸುನಿಲ್ ಬಾತ್ರಾ. ತಿಹಾರ್ ಜೈಲಿನ ಕೈದಿಯೊಬ್ಬ, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಅರ್ಜಿ ಅಂತ ತಗೊಂಡ 1979ರ ತೀರ್ಪು. ಅದರ ಕೆಳಗೆ ಇನ್ನೊಬ್ಬ ಕೈದಿ ಚಾರ್ಲ್ಸ್ ಶೋಭರಾಜ್‌ನ 1978ರ ಪ್ರಕರಣ. ಅದರ ಕೆಳಗೆ ಬೇಡಿ ಹಾಕೋದರ ಬಗ್ಗೆ 1980ರ ಪ್ರೇಮ್ ಶಂಕರ್ ಶುಕ್ಲಾ. ಎಡ ಪುಟದಲ್ಲಿ ಎರಡು ಸಾಲು. 1948ರಲ್ಲಿ ಕಮ್ಯುನಿಸ್ಟರಿಗೆ ಕಾನೂನು ನೆರವು ಕೊಟ್ಟರು ಅಂತ ಇವರನ್ನೇ ಸುಮಾರು ಒಂದು ತಿಂಗಳು ಒಳಗೆ ಹಾಕಿದ್ದರು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಜೈಲು ಖಾತೆಯ ಮಂತ್ರಿ. ಕೈದಿಗಳ ಕೆಲಸಕ್ಕೆ ಕೂಲಿ ಕೊಡಬೇಕು ಅಂತ ಹೊರಟವರು. ಒಳಗೆ ಮಲಗಿ ನೋಡಿದವರು, ಮೇಲೆ ಕೂತು ಆಡಳಿತ ಮಾಡಿದವರು, ಆಮೇಲೆ ತೀರ್ಪು ಕೊಟ್ಟವರು. ಈ ಮೂರೂ ಆದ ನ್ಯಾಯಾಧೀಶರು ನಮ್ಮ ದೇಶದಲ್ಲಿ ಎಷ್ಟು ಜನ ಸಿಗುತ್ತಾರೆ? ಆ ಮೂರು ತೀರ್ಪುಗಳನ್ನು ಒಂದೇ ದಿನ ಕೂತು ಓದಿ ನೋಡಿ. ಕೈದಿ ಮಲಗೋ ಜಾಗ, ಅವನ ಕೈಗೆ ತಗಲೋ ಕಬ್ಬಿಣ, ವಾರ್ಡರನ ಅಧಿಕಾರ ಎಲ್ಲ ಹತ್ತಿರದಿಂದ ಕಾಣುತ್ತೆ.

ಎರಡನೆಯದು ಚುನಾವಣೆ. 1977ರ ಮೊಹಿಂದರ್ ಸಿಂಗ್ ಗಿಲ್ ತೀರ್ಪಿನಲ್ಲಿ ಸಣ್ಣ ಪೆನ್ಸಿಲ್ ಹಿಡಿದು ಸಣ್ಣ ಮತಗಟ್ಟೆಗೆ ಹೋಗೋ ಸಣ್ಣ ಮನುಷ್ಯನ ಬಗ್ಗೆ ಚರ್ಚಿಲ್ ಹೇಳಿದ್ದನ್ನು ಎತ್ತಿಕೊಳ್ಳುತ್ತಾರೆ. ಎಲ್ಲರೂ ಅದನ್ನು ಒಳ್ಳೆಯ ಉಲ್ಲೇಖ ಅಂತ ಬಿಟ್ಟುಬಿಡುತ್ತಾರೆ. ನಾನು ಎಡ ಪುಟ ನೋಡಿದೆ. 1960ರಲ್ಲಿ ಕೆಲವೇ ಮತಗಳಲ್ಲಿ ಸೋತು, ಚುನಾವಣಾ ತಕರಾರು ಅರ್ಜಿ ಹಾಕಿ, ಸೀಟು ವಾಪಸ್ ಪಡೆದವರು ಇವರು. ಒಂದೊಂದು ಮತಪತ್ರದ ಬೆಲೆ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಮೂರನೆಯದು ನಮ್ಮದೇ ರಾಜ್ಯದ್ದು. ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ಕರ್ನಾಟಕ ಸರ್ಕಾರ 1976ರಲ್ಲಿ ವಶಕ್ಕೆ ತಗೊಂಡಿತಲ್ಲ, ಆ ರಂಗನಾಥ ರೆಡ್ಡಿ ಪ್ರಕರಣ. ಏಳು ನ್ಯಾಯಾಧೀಶರ ಪೀಠ, 1977. ಖಾಸಗಿಯವರ ಆಸ್ತಿಯೂ ಸಮುದಾಯದ ಸಂಪನ್ಮೂಲದಲ್ಲಿ ಸೇರುತ್ತೆ ಅಂತ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದರು. 2024ರ ನವೆಂಬರಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠದ ಬಹುಮತ ಆ ಮಾತನ್ನು ಅಷ್ಟು ಅಗಲವಾಗಿ ಒಪ್ಪಲಿಲ್ಲ. ಆಗ ನನ್ನ ಪುಸ್ತಿಕೆ ಅಚ್ಚಿಗೆ ಹೋಗೋದರಲ್ಲಿತ್ತು. ತಡೆದು ಎರಡು ಪುಟ ಹೊಸದಾಗಿ ಬರೆದೆ. ಎಡ ಪುಟದಲ್ಲಿ ಇದಕ್ಕೆ ಏನಿತ್ತು ಅಂದರೆ, 1957ರ ಏಪ್ರಿಲ್ 11. ಸರ್ಕಾರ ಬಂದು ಒಂದು ವಾರ ಕೂಡ ಆಗಿರಲಿಲ್ಲ, ಗೇಣಿದಾರರನ್ನು ಎಬ್ಬಿಸಬಾರದು ಅಂತ ಸುಗ್ರೀವಾಜ್ಞೆ ಹೊರಟಿತು. ಅವತ್ತು ಕಾನೂನು ಮಂತ್ರಿ ಇವರೇ. ಕಂದಾಯ ಮಂತ್ರಿ ಕೆ.ಆರ್. ಗೌರಿ ಅವರು ಅನ್ನೋದನ್ನೂ ಮರೆಯಬಾರದು. ಭೂಸುಧಾರಣೆಯ ಕೆಲಸವನ್ನೆಲ್ಲ ಕೃಷ್ಣ ಅಯ್ಯರ್ ಒಬ್ಬರ ತಲೆಗೆ ಕಟ್ಟಿ ಬರೆಯೋರು ಇದ್ದಾರೆ, ಅದು ತಪ್ಪು.

ಇಷ್ಟಾದ ಮೇಲೆ ನನಗೇ ಒಂದು ಅನುಮಾನ ಬಂತು. ನಾನು ಹುಡುಕುತ್ತಿದ್ದೇನೆ ಅಂತಲೇ ಸಿಗುತ್ತಿದೆಯೋ ಏನೋ? ಅದಕ್ಕೆ ಒಂದು ಪರೀಕ್ಷೆ ಮಾಡಿದೆ. ರಾಜಕೀಯದ ಗಾಳಿಯೂ ಸೋಕದ ಇನ್ನೊಬ್ಬ ನ್ಯಾಯಾಧೀಶರ ಹತ್ತು ತೀರ್ಪು ತಗೊಂಡೆ. ಅದೇ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅಲ್ಲೂ ನಾಲ್ಕು ಕಡೆ 'ಶಾಸಕರ ಮಾತು' ಸಿಕ್ಕಿತು! ಎರಡು ದಿನ ಊಟ ರುಚಿಸಲಿಲ್ಲ. ಆಮೇಲೆ ಕೂತು, ಅಂಥದೇ ಸಡಿಲವಾದ ಜೋಡಿಗಳನ್ನು ನನ್ನ ಪಟ್ಟಿಯಿಂದ ಹೊಡೆದು ಹಾಕಿದೆ. 30 ಚಿಲ್ಲರೆ ಇದ್ದದ್ದು 19ಕ್ಕೆ ಇಳಿಯಿತು. ಈ ಕೆಲಸ ಮಾಡೋರು ಯಾರೇ ಇರಲಿ, ಈ ಪರೀಕ್ಷೆ ಬಿಡಬೇಡಿ.

ಹೊಡೆದು ಹಾಕಿದ್ದರಲ್ಲಿ ಬೆಂಗಳೂರು ನೀರು ಸರಬರಾಜು ಪ್ರಕರಣವೂ ಇತ್ತು. 1978ರದು, 'ಉದ್ಯಮ' ಅಂದರೆ ಏನು ಅನ್ನೋದರ ತೀರ್ಪು. ನೀರಾವರಿ ಮಂತ್ರಿಯಾಗಿದ್ದರು ಅಂತ ನೀರಿನ ಮಂಡಳಿಯ ಕೇಸಿಗೆ ಗಂಟು ಹಾಕಿದ್ದೆ. ಅದು ಎಳೆದು ಕಟ್ಟಿದ ಗಂಟು. ಆದರೆ ಮುತ್ತಮ್ಮ ಅವರ ಪ್ರಕರಣವನ್ನು ಬಿಡೋಕೆ ಮನಸ್ಸಾಗಲಿಲ್ಲ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ಕೊಡಗಿನ ಸಿ.ಬಿ. ಮುತ್ತಮ್ಮ. ಮದುವೆಯಾಗಬೇಕಾದರೆ ಹೆಣ್ಣು ಅಧಿಕಾರಿ ಸರ್ಕಾರದ ಅನುಮತಿ ಕೇಳಬೇಕು ಅನ್ನೋ ನಿಯಮವನ್ನು 1979ರಲ್ಲಿ ಕೃಷ್ಣ ಅಯ್ಯರ್ ತರಾಟೆಗೆ ತಗೊಂಡರು. ಸಂಸಾರದ ತಾಪತ್ರಯ ಗಂಡಸಿಗೂ ಇರೋದಿಲ್ವಾ ಅನ್ನೋ ಅರ್ಥದಲ್ಲಿ ಕೇಳಿದರು. ಎಡ ಪುಟ ಖಾಲಿಯಿದ್ದರೂ ಅದನ್ನು ಕೊನೆಗೆ ಸೇರಿಸಿದೆ. ಮಡಿಕೇರಿಯಲ್ಲಿ ಹೋದ 40 ಪ್ರತಿ ಆ ಎರಡು ಪುಟಕ್ಕೇ ಹೋದದ್ದು.

ಜನ ನನ್ನನ್ನು ಜಾಸ್ತಿ ಕೇಳೋದು 1975ರ ಜೂನ್ 24ರ ಬಗ್ಗೆ. ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿದ್ದಕ್ಕೆ ಅವತ್ತು ಕೃಷ್ಣ ಅಯ್ಯರ್ ಕೊಟ್ಟದ್ದು ಷರತ್ತಿನ ತಡೆಯಾಜ್ಞೆ, ಮಾರನೇ ದಿನ ತುರ್ತು ಪರಿಸ್ಥಿತಿ. ಅಲ್ಲಿ ಶಾಸಕರು ಕಾಣುತ್ತಾರಾ? ನನಗೆ ಕಂಡಿಲ್ಲ. ಸದನಕ್ಕೆ ಹೋಗಬಹುದು, ಮತ ಹಾಕುವಂತಿಲ್ಲ ಅನ್ನೋದು ಅಂಥ ಮೇಲ್ಮನವಿಗಳಲ್ಲಿ ಆಗ ಕೊಡುತ್ತಿದ್ದ ಮಾಮೂಲಿ ಆದೇಶ. ರಜಾಕಾಲದ ಒಬ್ಬ ನ್ಯಾಯಾಧೀಶರು ಮಾಮೂಲಿ ದಾರಿಯನ್ನೇ ಹಿಡಿದರು. ನನ್ನ ಪುಸ್ತಿಕೆಯಲ್ಲಿ ಅದಕ್ಕೆ ಅರ್ಧ ಪುಟ ಕೊಟ್ಟಿದ್ದೇನೆ. ಕಡಿಮೆಯಾಯಿತು ಅಂತ ಬೈದವರಿದ್ದಾರೆ. ನಾನು ಬದಲಾಯಿಸೋದಿಲ್ಲ.

ಮಧ್ಯದಲ್ಲಿ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದೆ. ನಮ್ಮ ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ ಅವರದು. ಅವರು 1952ರಿಂದ 57ರವರೆಗೆ ರಾಜ್ಯಸಭೆಯಲ್ಲಿದ್ದು, ಆಮೇಲೆ ಮೈಸೂರು ಹೈಕೋರ್ಟಿಗೆ, ಅಲ್ಲಿಂದ ದೆಹಲಿ ಹೈಕೋರ್ಟಿಗೆ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. 1973ರ ಏಪ್ರಿಲಿನಲ್ಲಿ ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಹೆಗ್ಡೆ ರಾಜೀನಾಮೆ ಕೊಟ್ಟರು. ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟಾಗ ಮೈ ಜುಂ ಅಂತು. ಏಪ್ರಿಲಿನಲ್ಲಿ ಸದನ ಕಂಡ ಒಬ್ಬ ನ್ಯಾಯಾಧೀಶರು ಆ ಕೋರ್ಟಿನಿಂದ ಹೊರಗೆ ಬಂದರು. ಜುಲೈ 17ಕ್ಕೆ ಸದನ ಕಂಡ ಇನ್ನೊಬ್ಬರು ಒಳಗೆ ಹೋದರು. ಬಾಂಬೆಯ ಕೆಲವು ವಕೀಲರು ಕೃಷ್ಣ ಅಯ್ಯರ್ ನೇಮಕವನ್ನು ವಿರೋಧಿಸಿದ್ದೂ ಆಗಲೇ. ರಾಜಕೀಯದವರು ಅನ್ನೋದೇ ಅನುಮಾನಕ್ಕೆ ಕಾರಣ. ಹೆಗ್ಡೆ ಅವರ ಬದುಕಿನಲ್ಲಿ ಬಾಗಿಲು ಎರಡೂ ಕಡೆಗೆ ತೆಗೆಯಿತು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಅವರಿಗೆ ಬಲ ಪುಟ, ಎಡ ಪುಟ ಸಾಕಾಗಲ್ಲ, ಮೂರನೇ ಪುಟ ಬೇಕು. ಆ ಕೆಲಸ ಸದ್ಯಕ್ಕೆ ಅರ್ಧಕ್ಕೆ ನಿಂತಿದೆ.

ಕೃಷ್ಣ ಅಯ್ಯರ್ ಅವರ ಇಂಗ್ಲಿಷ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮಾರುದ್ದ ವಾಕ್ಯ, ಲ್ಯಾಟಿನ್, ಪ್ರಾಸ. ಪದಕ್ಕೆ ಪದ ಕನ್ನಡ ಮಾಡಿದೆ, ಸತ್ತುಹೋಯಿತು. ಕೊನೆಗೆ ನಮ್ಮ ಕಚೇರಿಯ ಟೈಪಿಸ್ಟ್ ಅಮ್ಮನಿಗೆ ತೀರ್ಪಿನ ತಿರುಳನ್ನು ಬಾಯಲ್ಲಿ ಹೇಳಿದೆ. ಅವರು ತಿರುಗಿ ನನಗೆ ಹೇಳಿದರು. ಅವರು ಹೇಳಿದ್ದನ್ನು ಬರೆದುಕೊಂಡೆ. ಮೋತಿ ರಾಮ್ ಅಧ್ಯಾಯ ಹಾಗೆ ಬಂದದ್ದು. ಎಲ್ಲರೂ ಮೆಚ್ಚಿಕೊಂಡ ಅಧ್ಯಾಯವೂ ಅದೇ.

ದುಡ್ಡಿನ ವಿಷಯ. ನೆನಪಿನಿಂದ ಹೇಳುತ್ತಿದ್ದೇನೆ, ನೂರು ಇನ್ನೂರು ಆಚೀಚೆ ಆದೀತು. ಓಡಾಟಕ್ಕೆ 17,000. ಮಲಯಾಳ ಓದಿಸಿದ್ದಕ್ಕೆ 9,000. ಜೆರಾಕ್ಸ್ ನಾಲ್ಕೂವರೆ ಸಾವಿರ. ಹಳೆಯ ಎಐಆರ್ ಸಂಪುಟ ಆರು ತಗೊಂಡೆ, 5,000. ಅದರಲ್ಲಿ ಒಂದರಲ್ಲಿ ನನಗೆ ಬೇಕಾದ ಪುಟಗಳನ್ನೇ ಯಾರೋ ಬ್ಲೇಡಿನಲ್ಲಿ ಕತ್ತರಿಸಿಕೊಂಡಿದ್ದರು. ಮೊದಲ ಅಚ್ಚಿನಲ್ಲಿ 22,000 ಪೂರ್ತಿ ಕೈ ಬಿಟ್ಟಿತು. ನಾನು ಕೊಟ್ಟದ್ದು ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೆಯ ಅಕ್ಷರದ ಫೈಲು. ಅಚ್ಚಿನವರು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತೆಲ್ಲ ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. 'ಕೋರ್ಟು', 'ತೀರ್ಪು' ಅನ್ನೋ ಪದಗಳೇ ಪುಸ್ತಕದ ತುಂಬ ಇರೋದು, ಅಲ್ವಾ? ಒಂದು ಪುಟವೂ ಉಳಿಯಲಿಲ್ಲ. ಕರಡು ನೋಡಿ ಸಹಿ ಹಾಕಿದ್ದೀರಿ ಅಂದರು. ನಾನು ನೋಡಿದ ಕರಡು ಬದಲಿಸೋಕೆ ಮುಂಚಿನದು. 250 ಪ್ರತಿ ರದ್ದಿಗೆ ಹೋಯಿತು. ಎರಡನೇ ಸಲ ಇನ್ನೊಂದು ಕಡೆ 300 ಪ್ರತಿ, 31,000. ಬೆಲೆ 120 ಇಟ್ಟೆ. ಹಾಕಿದ ದುಡ್ಡು ಬರಲಿಲ್ಲ, ಬರೋದೂ ಇಲ್ಲ. ಆದರೆ ನಾಲ್ಕು ತಿಂಗಳಲ್ಲಿ 280ರ ಹತ್ತಿರ ಖಾಲಿಯಾಯಿತು. ನಮ್ಮ ಕಡೆ ಕಾನೂನಿನ ಪುಸ್ತಿಕೆಯೊಂದು ಹೀಗೆ ಹೋದದ್ದನ್ನು ನಾನಂತೂ ನೋಡಿಲ್ಲ.

ಫೆಬ್ರವರಿಯಲ್ಲಿ ಸುಳ್ಯದ ಕಡೆಯ ಒಬ್ಬ ಹೊಸ ವಕೀಲರು ಫೋನ್ ಮಾಡಿದರು. ರಾಯಚೂರಿನಿಂದ ರಬ್ಬರ್ ತೋಟದ ಕೆಲಸಕ್ಕೆ ಬಂದವನಿಗೆ ಶ್ಯೂರಿಟಿ ಸಿಗುತ್ತಿರಲಿಲ್ಲವಂತೆ. ನನ್ನ ಪುಸ್ತಿಕೆಯ 38ನೇ ಪುಟ ತೆರೆದು, ಕನ್ನಡಿಗ ಏನು ಮಾಡಬೇಕು ಅಂತ ಸುಪ್ರೀಂ ಕೋರ್ಟೇ ಕೇಳಿದೆ ಸ್ವಾಮಿ ಅಂತ ವಾದ ಮಾಡಿದರಂತೆ. ಅವನ ಊರಿನ ಪಹಣಿಯನ್ನೇ ಒಪ್ಪಿಕೊಂಡರಂತೆ.

ಅಟ್ಟದ ಮೇಲಿನ 140 ಪುಟ ಹಾಗೇ ಇದೆ. ಮಳೆಗಾಲದ ಮೊದಲು ಕೆಳಗಿಳಿಸಿ, ಹೆಗ್ಡೆ ಅವರ ಪಟ್ಟಿ ಬರೆಯೋಕೆ ಅದರ ಹಿಂಬದಿ ಬಳಸಬೇಕು ಅಂತಿದ್ದೇನೆ. ರಾಜ್ಯಸಭೆಯ ಐದು ವರ್ಷದ ಮಾತುಗಳನ್ನು ತರಿಸಿ ಆಗಿದೆ. ಈ ಸಲವೂ ಬಲ ಪುಟದಿಂದಲೇ ಶುರು.